ಉಚ್ಚೆಂಗಪ್ಪ ವೀಳ್ಯ ನುಂಗಿದ್ದು

ಮರಿಯಮ್ಮನಹಳ್ಳಿಯ ಉಚ್ಚೆಂಗಪ್ಪನಿಗೆ ಫುಟ್ಬಾಲಿನ ಬಗ್ಗೆ ಗೊತ್ತಿದ್ದದ್ದು ಒಂದೇ ಸಂಗತಿ: ಚೆಂಡು ದುಂಡಗಿರುತ್ತದೆ. ಇಷ್ಟು ಜ್ಞಾನವನ್ನೇ ಬಂಡವಾಳ ಮಾಡಿಕೊಂಡು ಅವನು ಹೊಸಪೇಟೆಯ ಪ್ರೆಸ್ಸಿಗೆ ಹೋಗಿ ವಿಸಿಟಿಂಗ್ ಕಾರ್ಡು ಹಾಕಿಸಿಕೊಂಡು ಬಂದ. ಕಾರ್ಡಿನ ಮೇಲ್ಭಾಗದಲ್ಲಿ ಚಿನ್ನದ ಬಣ್ಣದಲ್ಲಿ ‘ಅಂತರರಾಷ್ಟ್ರೀಯ ಫುಟ್ಬಾಲ್ ಏಜೆಂಟ್’ ಎಂದಿತ್ತು. ಅದರ ಕೆಳಗೆ, ಹಳೆಯ ಗಿರಾಕಿಗಳು ಗಾಬರಿಯಾಗಬಾರದೆಂದು, ‘ನಾಟಕದ ಸೀನ್ಸು, ಡ್ರೆಸ್ಸು, ವಿಗ್ಗು ಬಾಡಿಗೆಗೆ ದೊರೆಯುತ್ತವೆ’ ಎಂದೂ ಇತ್ತು.

ಹೆಂಡತಿ ಊರಮ್ಮ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಏನ್ರಿ ಇದು? ಫುಟ್ಬಾಲಿಗೂ ವಿಗ್ಗು ಕೊಡ್ತೀರೇನು?”

ಉಚ್ಚೆಂಗಪ್ಪ ಕಾರ್ಡನ್ನು ತೆಗೆದುಕೊಂಡು ಕಿಸೆಗೆ ಹಾಕಿಕೊಂಡ. ಅಂತರರಾಷ್ಟ್ರೀಯ ಮನುಷ್ಯರು ಅಡಿಗೆಮನೆಯಿಂದ ಬರುವ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತಾ ಕೂರುವುದಿಲ್ಲ.

ಕಾರ್ಡಿಗೆ ಕಾರಣ ಅವನ ತೀರಿಹೋದ ಅಕ್ಕನ ಮಗಳು ಜ್ಯೋತಿಲಕ್ಷ್ಮಿ. ಮೊಣಕಾಲೆತ್ತರ ಇದ್ದಾಗಿನಿಂದ ಅವನ ಮನೆಯಲ್ಲೇ ಬೆಳೆದವಳು. ಗಾದಿಗನೂರಿನ ರಸ್ತೆಯಲ್ಲಿ ಅದಿರು ಲಾರಿಗಳು ನಿಲ್ಲುವ ಬಯಲಿನಲ್ಲಿ ಹುಡುಗರ ಜೊತೆ ಚೆಂಡು ಒದೆಯುತ್ತಾ, ಕೊನೆಗೆ ಹುಡುಗರು ಮನೆಗೆ ಹೋಗಿ ಅವಳೊಬ್ಬಳೇ ಒದೆಯುವಷ್ಟರ ಮಟ್ಟಿಗೆ ಬಂದವಳು. ಅವಳಿಗಾಗಿಯೇ ಟೈರ್ ಅಂಗಡಿಯ ರಾಯಣ್ಣ ಒಂದು ಕ್ಲಬ್ಬು ಕಟ್ಟಿ, ತಾನೇ ಅಧ್ಯಕ್ಷನಾಗಿ, ಲಾರಿಯ ಕಬ್ಬಿಣದ ಪೈಪುಗಳನ್ನು ನೆಟ್ಟು, ಡ್ಯಾಮಿನ ಮೀನುಗಾರರಿಂದ ಹರಿದ ಬಲೆ ತಂದು ಗೋಲು ಮಾಡಿಕೊಟ್ಟಿದ್ದ. ಆ ಬಲೆಯೊಳಗೆ ಅವಳು ಚೆಂಡು ತೂರಿಸುವುದನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಲೋಕಕ್ಕೆ ಹಂಚಿದರು. ಫಿನ್ಲೆಂಡ್ ಎಂಬ ದೇಶದ ಒಂದು ಮಹಿಳಾ ಕ್ಲಬ್ಬಿನವರು ಅದನ್ನು ನೋಡಿ, ಮತ್ತೆ ನೋಡಿ, ಹುಡುಗಿ ನಮಗೆ ಬೇಕು ಎಂದರು. ಬೆಳೆಸಿದ ಕ್ಲಬ್ಬಿಗೆ ಟ್ರಾನ್ಸ್‌ಫರ್ ಫೀ ಎಂದು ಮೂರು ಲಕ್ಷ ಕೊಡುವುದಾಗಿಯೂ ಹೇಳಿದರು.

ಮೂರು ಲಕ್ಷವೆಂಬುದು ಮರಿಯಮ್ಮನಹಳ್ಳಿ ಬಿಟ್ಟು ಹೊಸಪೇಟೆ ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಮೂವತ್ತಾಗಿತ್ತು. ಕಂಪ್ಲಿಯಲ್ಲಿ ಇಳಿದಾಗ ಅದು ಮೂರು ಕೋಟಿಯಾಗಿ, ಜೊತೆಗೆ ಹಂಪಿಯ ಬಯಲಿನಲ್ಲಿ ಹೆಲಿಕಾಪ್ಟರ್ ಇಳಿಯುವ ಸುದ್ದಿಯೂ ಸೇರಿತ್ತು. ಪಕ್ಕದ ಮನೆಯ ಚೆನ್ನಬಸಮ್ಮ ಕಟ್ಟೆಯ ಮೇಲೆ ಕೂತು ಕೇಳಿದಳು: “ಹುಡುಗೀನ ಫಾರಿನ್ನಿಗೆ ಮಾರಿದ್ರಂತಲ್ಲ? ತೂಕದ ಲೆಕ್ಕದಾಗೋ, ಒಟ್ಟಿಗೋ?”

“ಒಟ್ಟಿಗೇ ದೊಡ್ಡಮ್ಮ,” ಎಂದಳು ಜ್ಯೋತಿ, ಬೂಟಿನ ಲೇಸು ಬಿಗಿಯುತ್ತಾ. “ನಾಲಿಗಿ ಒಂದು ಇಲ್ಲೇ ಬಿಟ್ಟು ಹೋಗ್ತೀನಿ. ನಿಂದು ಸವದಾಗ ಹಾಕ್ಕೊ.”

ಇನ್ನು ವೀಳ್ಯದ ವಿಷಯ ಹೇಳಬೇಕು. ಅದನ್ನು ಹೇಳದೆ ಮುಂದಿನ ಅನಾಹುತ ಅರ್ಥವಾಗುವುದಿಲ್ಲ.

ಮರಿಯಮ್ಮನಹಳ್ಳಿ ನಾಟಕದವರ ಊರು. ಸುತ್ತಲಿನ ಹಳ್ಳಿಗಳ ಹುಡುಗರು ನಾಟಕ ಆಡುವಾಗ ನಾಯಕಿಯ ಪಾತ್ರಕ್ಕೆ ಕಲಾವಿದೆಯರನ್ನು ಹುಡುಕಿಕೊಂಡು ಇಲ್ಲಿಗೇ ಬರುತ್ತಾರೆ. ತಟ್ಟೆಯಲ್ಲಿ ಎರಡು ಎಲೆ, ಒಂದು ಅಡಿಕೆ ಇಟ್ಟು ಮುಂದೆ ಹಿಡಿಯುತ್ತಾರೆ. ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡರೆ ಮುಗಿಯಿತು. ಸಹಿಯಿಲ್ಲ, ಸಾಕ್ಷಿಯಿಲ್ಲ, ಆ ದಿನ ಪ್ರಳಯವಾದರೂ ಆಕೆ ಬಣ್ಣ ಹಚ್ಚಲೇಬೇಕು. ಉಚ್ಚೆಂಗಪ್ಪನ ತಾಯಿ ಜಂಬಕ್ಕ ತನ್ನ ಕಾಲದ ದೊಡ್ಡ ಕಲಾವಿದೆ. ಒಮ್ಮೆ ಚಳಿಜ್ವರದಲ್ಲಿ ನಡುಗುತ್ತಲೇ ಕಂಪ್ಲಿಗೆ ಹೋಗಿ, ರಾಣಿಯ ವೇಷದಲ್ಲಿ ಸಿಂಹಾಸನದ ಮೇಲೆ ಕಂಬಳಿ ಹೊದ್ದು ಕೂತು ಬೆಳತನಕ ರಾಜ್ಯಭಾರ ಮಾಡಿದ್ದಳು. ಜನ ಅದನ್ನೂ ಪಾರ್ಟಿನೊಳಗಿನದೆಂದು ತಿಳಿದು ಚಪ್ಪಾಳೆ ತಟ್ಟಿದ್ದರು.

ಉಚ್ಚೆಂಗಪ್ಪನೂ ಮೀಸೆ ಬರುವ ತನಕ ಸ್ತ್ರೀಪಾತ್ರ ಹಾಕಿದವನೇ. ಮೀಸೆ ಬಂದ ಮೇಲೆ ಪರದೆ, ವಿಗ್ಗುಗಳ ಬಾಡಿಗೆಗೆ ಇಳಿದ. ಪರದೆಗೂ ವಿಗ್ಗಿಗೂ ಕೈಯಿಲ್ಲವಾದ್ದರಿಂದ ಅವುಗಳ ಪರವಾಗಿ ಅವನೇ ವೀಳ್ಯ ಹಿಡಿಯುತ್ತಿದ್ದ. ಒಂದು ಸಲವೂ ಮಾತು ತಪ್ಪಿದವನಲ್ಲ. ಬದುಕಿನಲ್ಲಿ ಅವನು ಹೆಮ್ಮೆಪಡಬಹುದಾದದ್ದು ಇದೊಂದೇ ಆಗಿತ್ತು. ಆದ್ದರಿಂದ ತುಸು ಜಾಸ್ತಿಯೇ ಪಡುತ್ತಿದ್ದ.

ಹೀಗಿರುವಾಗ ಸಂಡೂರಿನಿಂದ ಹುಲಿಗೇಶ್ ಎಂಬಾತ ಫೋನು ಮಾಡಿದ. ಅಲ್ಲಿನ ಗಣಿ ಧಣಿಯೊಬ್ಬರು ಹೊಸದಾಗಿ ಕಟ್ಟಿದ್ದ ‘ಉಕ್ಕಿನ ಹುಲಿಗಳು’ ಎಂಬ ಮಹಿಳಾ ತಂಡಕ್ಕೆ ಅವನು ಮ್ಯಾನೇಜರು. “ಏಜೆಂಟ್ ಸಾಹೇಬ್ರು ಒಂದು ಊಟಕ್ಕ ಬರ್ಬೇಕ್ರಿ,” ಎಂದ. ಸಾಹೇಬ್ರು ಎಂದು ಉಚ್ಚೆಂಗಪ್ಪನನ್ನು ಅದಕ್ಕೆ ಮೊದಲು ಯಾರೂ ಕರೆದಿರಲಿಲ್ಲ. ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಮಂಗಳವಾರ ಹೊಸಪೇಟೆಯ ಖಾನಾವಳಿಗೆ ಹೊರಟ.

ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ. ಹುಲಿಗೇಶ್ ತುಪ್ಪವನ್ನು ತಾನೇ ಬಡಿಸಿದ.

“ಫಿನ್ಲೆಂಡ್ ಎಷ್ಟು ದೂರ ಐತಿ ಗೊತ್ತೇನ್ರಿ? ಸಂಡೂರು ನೋಡ್ರಿ, ಒಂದು ಬಸ್ ಹತ್ತಿದ್ರ ಆತು.”

“ಫಿನ್ಲೆಂಡಿಗೂ ಒಂದು ಇಮಾನ ಹತ್ತಿದ್ರ ಆತಂತ್ರಿ,” ಎಂದ ಉಚ್ಚೆಂಗಪ್ಪ.

“ಅಲ್ಲಿ ತಿಂಗಳಾನುಗಟ್ಲೆ ಸೂರ್ಯನ ಮುಖಾನೇ ಕಾಣಂಗಿಲ್ಲಂತ!”

“ನಮ್ಮ ಕಡಿ ತಿಂಗಳಾನುಗಟ್ಲೆ ಮುಳುಗಿದಂಗ ಅನ್ಸಂಗಿಲ್ಲ. ಹುಡುಗಿಗೆ ಒಂದೀಟು ತಂಪಾಗ್ಲಿ ಬಿಡ್ರಿ.”

“ಅವರು ಮೂರು ಕೊಟ್ರ ನಾವು ಆರು ಕೊಡ್ತೀವಿ. ಐದು ವರ್ಷದ ಅಗ್ರಿಮೆಂಟು. ಐದು ವರ್ಷ ಆಕಿ ಎಲ್ಲೂ ಹೋಗಂಗಿಲ್ಲ.”

“ಆಕಿ ಹೋಗ್ಬೇಕು ಅಂತೈತ್ರಿ ನಮಗ,” ಎಂದು ಉಚ್ಚೆಂಗಪ್ಪ ಎದೆಯುಬ್ಬಿಸಿ ಹೇಳಿದ. ಇಲ್ಲಿಯವರೆಗೆ ಅವನು ಆಡಿದ ಒಂದೊಂದು ಮಾತೂ ಚಿನ್ನದ ಅಕ್ಷರದ ಕಾರ್ಡಿಗೆ ತಕ್ಕದ್ದೇ ಆಗಿತ್ತು. ಅಲ್ಲಿಗೇ ಎದ್ದು ಕೈ ತೊಳೆದುಕೊಂಡು ಬಂದಿದ್ದರೆ ಈ ಕಥೆ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಹುಲಿಗೇಶ್ ಮೂಲತಃ ಕಂಪ್ಲಿಯವನು. ಊರ ನಾಟಕಗಳಲ್ಲಿ ಖಳನ ಪಾರ್ಟು ಮಾಡಿ ಪಳಗಿದವನು. ಅವನು ನಗುತ್ತಾ ಒಂದು ಹಿತ್ತಾಳೆ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ. ತಟ್ಟೆಯಲ್ಲಿ ಎರಡು ಎಲೆ, ಒಂದು ಅಡಿಕೆ. ಉಚ್ಚೆಂಗಪ್ಪನ ಹೊಟ್ಟೆ ಹೋಳಿಗೆಯಿಂದ ತುಂಬಿತ್ತು, ತಲೆ ಸಾಹೇಬ್ರು ಎಂಬ ಮಾತಿನಿಂದ ತುಂಬಿತ್ತು. ಕೈ ಮಾತ್ರ ಖಾಲಿಯಿತ್ತು. ವರ್ಷಗಳ ಅಭ್ಯಾಸದ ಆ ಕೈ ಯಜಮಾನನನ್ನು ಒಂದು ಮಾತೂ ಕೇಳದೆ ತಾನಾಗಿ ಮುಂದೆ ಹೋಯಿತು, ಎಲೆ ಎತ್ತಿತು, ಕಣ್ಣಿಗೊತ್ತಿತು, ಸುಣ್ಣ ಸವರಿ ಅಡಿಕೆ ಸೇರಿಸಿ ಮಡಚಿ ಬಾಯಿಗೆ ಹಾಕಿತು.

“ವೀಳ್ಯ ಹಿಡಿದ್ರಿ,” ಎಂದ ಹುಲಿಗೇಶ್.

ಪಕ್ಕದ ಮೇಜಿನಲ್ಲಿ ಉಣ್ಣುತ್ತಿದ್ದ ಮಲಪನಗುಡಿಯ ನಾಟಕದ ಹುಡುಗರು ತಲೆಯೆತ್ತಿದರು. “ಹೌದ್ ಮಾವ, ಹಿಡಿದ್ರಿ. ನಾವೇ ನೋಡಿದ್ವಿ.”

ಉಚ್ಚೆಂಗಪ್ಪನ ದವಡೆ ಅಲ್ಲಿಗೇ ನಿಂತಿತು. ವೀಳ್ಯವನ್ನು ಉಗುಳಿದರೆ ಕೊಟ್ಟವನಿಗೆ ಮಾತ್ರವಲ್ಲ, ಇಡೀ ನಾಟಕ ಲೋಕಕ್ಕೆ ಅವಮಾನ. ನುಂಗಿದರೆ ಹುಡುಗಿ ಐದು ವರ್ಷ ಸಂಡೂರಿನಲ್ಲಿ. ಆಗ ಅವನಿಗೆ ಒಂದು ಧರ್ಮಸೂಕ್ಷ್ಮ ಹೊಳೆಯಿತು: ಎಲೆ ಬಾಯಲ್ಲಿರುವ ತನಕ ಮಾತು ಪೂರ್ತಿಯಾಗುವುದಿಲ್ಲ. ಇದು ಯಾವ ಶಾಸ್ತ್ರದಲ್ಲೂ ಇರಲಿಲ್ಲ, ಅದೇ ಕ್ಷಣ ಖಾನಾವಳಿಯಲ್ಲಿ ಹುಟ್ಟಿದ್ದು. ಅವನು ಕೆನ್ನೆ ಉಬ್ಬಿಸಿಕೊಂಡು ಎದ್ದವನೇ ಬಸ್‌ಸ್ಟ್ಯಾಂಡಿನ ಕಡೆ ಓಡಿದ.

“ಎಲ್ಲಿಗ್ರಿ?” ಎಂದ ಕಂಡಕ್ಟರು.

“ಉಂ.”

“ಉಂ ಅನ್ನೋ ಸ್ಟಾಪ್ ಇಲ್ರಿ ಈ ರೂಟಿನ್ಯಾಗ.”

ಉಚ್ಚೆಂಗಪ್ಪ ವಿಳಾಸ ತೋರಿಸಲು ಕಾರ್ಡು ತೆಗೆದುಕೊಟ್ಟ. ಕಂಡಕ್ಟರು ಮೇಲಿನ ಸಾಲು ಓದಿ ಗೌರವದಿಂದ ಹಿಂತಿರುಗಿಸಿದ. “ಅಂತರರಾಷ್ಟ್ರೀಯ ಇಲ್ರೀ ಸಾಹೇಬ್ರ. ಇದು ಮರಿಯಮ್ಮನಹಳ್ಳಿ ತನಕ ಅಷ್ಟೇ ಹೋಗ್ತೈತಿ.”

ಮನೆಗೆ ಬಂದಾಗ ಅವನ ಕೆನ್ನೆ ಊದಿತ್ತು, ಕಣ್ಣಲ್ಲಿ ನೀರಿತ್ತು, ತುಟಿಯ ತುದಿಯಲ್ಲಿ ಕೆಂಪು ಇಳಿಯುತ್ತಿತ್ತು. ಊರಮ್ಮ ಒಮ್ಮೆ ನೋಡಿ ಕಿರುಚಿದಳು. “ಲಕ್ವಾ ಹೊಡದೈತಿ! ಬಾಯಿ ವಾರೆ ಆಗೈತಿ! ರಕ್ತ ಬರಾಕತ್ತೈತಿ!”

ಚೆನ್ನಬಸಮ್ಮ ಓಡಿ ಬಂದು, ಬಿಸಿ ಎಣ್ಣೆ ಹಚ್ಚಬೇಕೆಂದಳು. ಇನ್ನೊಬ್ಬರು ಸೊಂಟಕ್ಕೆ ಹಚ್ಚಬೇಕೆಂದರು. ಜ್ಯೋತಿ ಆಂಬುಲೆನ್ಸಿಗೆ ಫೋನು ಹಚ್ಚಿದಳು. ಉಚ್ಚೆಂಗಪ್ಪ ಎರಡೂ ಕೈ ಆಡಿಸಿ ಏನೋ ವಿವರಿಸಲು ನೋಡಿದ. ಅದನ್ನು ಕಂಡವರು ರೋಗ ಕೈಗೂ ಇಳಿಯಿತೆಂದು ಅಳತೊಡಗಿದರು. ಅಷ್ಟರಲ್ಲಿ ಒಳಗಿನಿಂದ ಜಂಬಕ್ಕ ಬಂದಳು. ಎಂಬತ್ತರ ಹತ್ತಿರದ ಜೀವ, ಆದರೆ ದನಿ ಮಾತ್ರ ಮೈಕಿಲ್ಲದ ಕಾಲದ್ದು.

“ಲೇ! ಬಾಯಾಗ ಏನೈತಿ? ನುಂಗು!”

ಹುಟ್ಟಿದಂದಿನಿಂದ ಪಾಲಿಸಿಕೊಂಡು ಬಂದ ದನಿ. ಉಚ್ಚೆಂಗಪ್ಪ ಗುಟಕ್ಕನೆ ನುಂಗಿದ. ಆಮೇಲೆ ತಲೆಯ ಮೇಲೆ ಕೈಹೊತ್ತು ಅಂಗಳದಲ್ಲಿ ಕುಸಿದ. “ಯವ್ವಾ, ಹುಡುಗೀನ ನುಂಗಿಬಿಟ್ಟೆನಲ್ಲವ್ವಾ!”

ನಡೆದದ್ದನ್ನು ಅವನು ಹೇಳಿ ಮುಗಿಸಿದ. ಆಂಬುಲೆನ್ಸಿನವನು ಬಂದು, ರೋಗಿ ಯಾರೆಂದು ಕೇಳಿ, ವಿಷಯ ತಿಳಿದು, “ವೀಳ್ಯ ಹಿಡಿದ ಮ್ಯಾಲೆ ಕಷ್ಟಾರಿ,” ಎಂದು ಹೇಳಿ ಹೋದ. ಜ್ಯೋತಿ ಮಾವನ ಎದುರು ಬಂದು ನಿಂತಳು.

“ಮಾವ, ನಾನೇನು ವಿಗ್ಗಾ?”

“ಹಂಗಲ್ಲ ಜ್ಯೋತಿ...”

“ಶುಕ್ರವಾರ ಸಂಜಿಗೆ ಕ್ಲಬ್ಬು ಬದಲ್ಸೋ ಟ್ರಾನ್ಸ್‌ಫರ್ ಕಿಟಕಿ ಮುಚ್ತೈತಿ. ಅಷ್ಟ್ರಾಗ ನಮ್ಮ ಕ್ಲಬ್ಬಿನ ಒಪ್ಪಿಗಿಗಂತ ರಾಯಣ್ಣ ಮಾಮನ ಫೋನಿಗೆ ಬರೋ ಓಟಿಪಿ ಹಾಕಿದ್ರ ಮಾತ್ರ ನಾನು ಹೋಗ್ತೀನಿ. ಇಲ್ಲಾಂದ್ರ ಇಲ್ಲ. ನಿನ್ನ ಎಲಿ ಅಡಿಕಿ ನಂಗ ಗೊತ್ತಿಲ್ಲ.” ಅಷ್ಟು ಹೇಳಿ ಅವಳು ಹಿತ್ತಲಿಗೆ ಹೋಗಿ ಸೀನ್ಸಿನ ಗೋಡೌನಿನ ಗೋಡೆಗೆ ಚೆಂಡು ಒದೆಯತೊಡಗಿದಳು. ಒಂದೊಂದು ಒದೆತಕ್ಕೂ ಒಳಗೆ ತೂಗುಹಾಕಿದ್ದ ಅರಮನೆಯ ಪರದೆ ಅಲುಗಾಡುತ್ತಿತ್ತು. ಉಚ್ಚೆಂಗಪ್ಪನಿಗೆ ಅದು ತನ್ನ ಎದೆಗೇ ಬಂದು ಬಡಿದಂತೆ ಆಗುತ್ತಿತ್ತು. ಆ ಹುಡುಗಿಯನ್ನು ಅವನು ಹೊಟ್ಟೆಯ ಮಗಳಿಗಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದ. ಅವಳ ದಾರಿಗೆ ತಾನೇ ಅಡ್ಡ ಮಲಗಿದೆನೆಂದು ಅವನಿಗೆ ಅನ್ನ ಸೇರಲಿಲ್ಲ.

ಮರುದಿನ ಅವನು ರಾಯಣ್ಣನ ಟೈರ್ ಅಂಗಡಿಗೆ ಹೋದ. ರಾಯಣ್ಣ ನಾಟಕದ ಹುಚ್ಚ. ಸುತ್ತಲಿನ ಯಾವ ಊರಲ್ಲಿ ನಾಟಕವಾದರೂ ಮಂತ್ರಿಯ ಪಾರ್ಟು ಅವನದೇ. ಆ ಪಾರ್ಟನ್ನು ಅವನು ಅಂಗಡಿಯಲ್ಲೂ ಪೂರ್ತಿ ಬಿಚ್ಚಿಡುತ್ತಿರಲಿಲ್ಲ.

“ಉಚ್ಚೆಂಗಪ್ಪ, ನಂಗೂ ಹುಡುಗಿ ಹೋಗ್ಬೇಕಂತ ಆಸಿ ಐತಿ. ಆ ಮೂರು ಲಕ್ಷದಾಗ ನಮ್ಮ ಹುಡುಗ್ಯಾರಿಗೆ ಬೂಟು, ನೆಟ್ಟಗಿರೋ ಗೋಲ್‌ಪೋಸ್ಟು ಆಗ್ತಿದ್ವು. ಆದ್ರ ನೀನು ವೀಳ್ಯ ಹಿಡಿದಿ. ಟೈರಿಗೆ ಪಂಚರ್ ಹಾಕ್ತೀನಿ, ಮಾತಿಗೆ ಹ್ಯಾಂಗ ಹಾಕ್ಲಿ? ಓಟಿಪಿ ಬಂದ್ರೂ ನಾ ಹೇಳಂಗಿಲ್ಲ.”

ಜ್ಯೋತಿ ಸುಮ್ಮನಿರಲಿಲ್ಲ. ಮಾವನನ್ನು ಎಳೆದುಕೊಂಡು ಪೊಲೀಸ್ ಠಾಣೆಗೆ ಹೋದಳು. ಹೊಸದಾಗಿ ಬಂದಿದ್ದ ಸಬ್‌ಇನ್‌ಸ್ಪೆಕ್ಟರು ತಾಳ್ಮೆಯಿಂದ ಕೇಳಿದ.

“ಎಲೆ ತಿಂದವರು ಯಾರು?”

“ನಾನ್ರಿ.”

“ಬಲವಂತ ಮಾಡಿದ್ರಾ?”

“ಇಲ್ರಿ. ಹೋಳಿಗಿ ಜೊತಿ ಕೊಟ್ರು.”

“ರಸ್ತೆಯಲ್ಲಿ ಉಗುಳಿದ್ರೆ ದಂಡ ಹಾಕಬಹುದಿತ್ತು. ನುಂಗಿದ್ದಕ್ಕೆ ಯಾವ ಸೆಕ್ಷನ್ ಹಾಕಲಿ?”

ಬಾಗಿಲ ಬಳಿ ನಿಂತಿದ್ದ ಸ್ಥಳೀಯ ಪೇದೆ ಮಾತ್ರ ಟೋಪಿ ತೆಗೆದು ಬೆವರು ಒರೆಸಿಕೊಂಡ. “ಸಾರ್, ನಿಮಗ ಗೊತ್ತಿಲ್ಲ ಸಾರ್. ವೀಳ್ಯ ಸಾರ್!”

ಗುರುವಾರ ಉಚ್ಚೆಂಗಪ್ಪ ಒಂದು ಕಟ್ಟು ಎಲೆ, ಒಂದು ಸೇರು ಅಡಿಕೆ ಕಟ್ಟಿಕೊಂಡು ಸಂಡೂರಿಗೆ ಹೊರಟ. ಹಿಡಿದ ವೀಳ್ಯವನ್ನು ಹಿಂತಿರುಗಿಸಿ ಕೈಮುಗಿದರೆ ಎದುರಿನವರು ಕರಗಬಹುದೆಂದು ಅವನ ಎಣಿಕೆ. ಸಂಡೂರಿನ ಸರ್ಕಲ್ಲಿನಲ್ಲೇ ದೊಡ್ಡ ಫ್ಲೆಕ್ಸು ಎದುರಾಯಿತು. ಗರ್ಜಿಸುವ ಹುಲಿ, ಹುಲಿಯ ಪಕ್ಕದಲ್ಲಿ ಜ್ಯೋತಿಲಕ್ಷ್ಮಿ, ಕೆಳಗಿನ ಮೂಲೆಯಲ್ಲಿ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ಉಚ್ಚೆಂಗಪ್ಪ, ‘ಮಾರ್ಗದರ್ಶಕರು’ ಎಂಬ ಬಿರುದಿನೊಂದಿಗೆ. ಅವನು ಅದಕ್ಕೆ ಬೆನ್ನು ಹಾಕಿ ನಡೆದ. ಆದರೂ ಫೋಟೋ ಚೆನ್ನಾಗಿ ಬಂದಿದೆ ಎಂದು ಒಂದು ಕ್ಷಣ ಅನಿಸದೆ ಇರಲಿಲ್ಲ. ಅನಿಸಿದ್ದಕ್ಕೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ.

ಹುಲಿಗೇಶ್ ಗಂಟನ್ನು ಬಿಚ್ಚಿ ನೋಡಿ ಬದಿಗೆ ಸರಿಸಿದ. “ಇವು ಬ್ಯಾರೆ ಎಲಿ ಅದಾವಲ್ರಿ. ನಾ ಕೊಟ್ಟ ಎಲಿ ತಂದುಕೊಡ್ರಿ, ಈಗ್ಲೇ ವಾಪಸ್ ತಗೋತೀನಿ.”

“ಅವು ಈಗ ಎಲ್ಲಿ ಅದಾವಂತ ಗೊತ್ತಿದ್ದೂ ಕೇಳ್ತೀರಲ್ರಿ!”

“ಹಂಗಾದ್ರ ಮಾತು ಮಾತೇ. ನಿಮ್ಮ ಕಾರ್ಡಿನ್ಯಾಗ ಏಜೆಂಟ್ ಅಂತ ಚಿನ್ನದ ಅಕ್ಷರದಾಗ ಐತಿ. ನಾಳೆ ಹಾರ ತಗೊಂಡು ನಾವೇ ಬರ್ತೀವಿ.”

ಉಚ್ಚೆಂಗಪ್ಪ ಹಿಂತಿರುಗುವ ಬಸ್ಸಿನಲ್ಲಿ ಉಳಿದ ಕಾರ್ಡುಗಳನ್ನೆಲ್ಲ ಕಿಟಕಿಯಿಂದ ಹೊರಗೆ ಎಸೆದ. ಗಾಳಿ ಅರ್ಧವನ್ನು ಒಳಗೇ ತಂದು ಹಾಕಿತು. ಇಳಿಯುವಷ್ಟರಲ್ಲಿ ಇಬ್ಬರು ಪ್ರಯಾಣಿಕರು ವಿಗ್ಗಿನ ಬಾಡಿಗೆ ವಿಚಾರಿಸಿದ್ದರು.

ಶುಕ್ರವಾರ ಮಧ್ಯಾಹ್ನ ರಾಯಣ್ಣನ ಟೈರ್ ಅಂಗಡಿಯ ಮುಂದೆ ಲಾರಿಗಳು ನಿಂತು ದಾರಿ ಕಟ್ಟಿಹೋಗಿತ್ತು. ಹುಲಿಗೇಶ್ ಹಾರ, ಹಲಗೆ ವಾದ್ಯದವರು ಮತ್ತು ಸಾಕ್ಷಿಗೆಂದು ಮಲಪನಗುಡಿಯ ಹುಡುಗರನ್ನು ಕರೆತಂದಿದ್ದ. ಚೆನ್ನಬಸಮ್ಮ ಟೈರೊಂದರ ಮೇಲೆ ಜಾಗ ಹಿಡಿದಿದ್ದಳು. ಜ್ಯೋತಿ ತನ್ನ ಫೋನನ್ನು ಗಾಳಿ ತುಂಬುವ ಯಂತ್ರಕ್ಕೆ ಆನಿಸಿ ನಿಲ್ಲಿಸಿದ್ದಳು. ಅದರಲ್ಲಿ ಫಿನ್ಲೆಂಡಿನ ಕೋಚ್ ಐನೋ ಎಂಬ ಹೆಣ್ಣುಮಗಳು ಉಣ್ಣೆಯ ಟೋಪಿ ಹಾಕಿಕೊಂಡು, ಏನು ನಡೆಯುತ್ತಿದೆಯೆಂದು ತಿಳಿಯದೆ, ಕಂಡವರಿಗೆಲ್ಲ ಕೈಬೀಸುತ್ತಿದ್ದಳು. ರಾಯಣ್ಣನ ಕಿಸೆಯಲ್ಲಿ ಫೋನು ಟಿಂಗ್ ಎಂದಿತು. ಓಟಿಪಿ ಬಂದಿತ್ತು. ರಾಯಣ್ಣ ಕಿಸೆಯನ್ನು ಅಂಗೈಯಿಂದ ಒತ್ತಿ ಹಿಡಿದು ಆಕಾಶ ನೋಡಿದ.

“ಹೇಳು ಮಾಮ,” ಎಂದಳು ಜ್ಯೋತಿ.

“ಹ್ಯಾಂಗ ಹೇಳ್ಲವ್ವ? ನಿಮ್ಮ ಮಾವ ವೀಳ್ಯ ಹಿಡಿದಾನ.”

ಆಗ ಗುಂಪು ಎರಡಾಗಿ ದಾರಿ ಬಿಟ್ಟಿತು. ಊರಮ್ಮನ ಭುಜ ಹಿಡಿದು ಜಂಬಕ್ಕ ಬಂದಳು. ಹಳೆಯ ಜರಿಯ ಸೀರೆ ಉಟ್ಟಿದ್ದಳು, ಹಣೆಗೆ ಅಗಲ ಕುಂಕುಮ. ಹಲಗೆಯವರು ಯಾರೂ ಹೇಳದೆಯೇ ಬಾರಿಸುವುದನ್ನು ನಿಲ್ಲಿಸಿದರು.

“ಮಂಗಳವಾರದಿಂದ ಕಾಯಾಕತ್ತೀನಿ,” ಎಂದಳು. “ಪೊಲೀಸ್ರನ್ನ ಕೇಳಿದ್ರಿ. ಟೈರಿನವನ್ನ ಕೇಳಿದ್ರಿ. ಆಂಬುಲೆನ್ಸಿನವನೂ ಹೇಳಿ ಹೋದ. ಜೀವಮಾನವೆಲ್ಲಾ ವೀಳ್ಯ ಹಿಡಿದಾಕಿ ಮನಿಯಾಗ ಕುಂತೀನಿ, ಒಬ್ಬರಾದ್ರೂ ನನ್ನ ಕೇಳಿದ್ರೇನು?”

ಅವಳು ಹುಲಿಗೇಶನ ಕಡೆ ತಿರುಗಿದಳು.

“ನೀ ವೀಳ್ಯ ಯಾರ ಕೈಯಾಗ ಕೊಟ್ಟಿ?”

“ನಿಮ್ಮ ಮಗನ ಕೈಯಾಗ, ಅಮ್ಮಾರ.”

“ಆಡಾಕಿ ಯಾರು?”

“ಈ ಹುಡುಗಿ.”

“ವಿಗ್ಗಿಗೆ ಕೈಯಿಲ್ಲ, ಅದಕ್ಕ ನನ್ನ ಮಗ ಹಿಡೀತಾನ. ಈಕೀಗೆ ಕೈ ಅದಾವ, ಕಣ್ಣು ಕಾಣಂಗಿಲ್ಲೇನು ನಿನಗ? ನಾ ಹದಿನಾರರ ಹುಡುಗಿ ಇದ್ದಾಗ ನಮ್ಮಪ್ಪ ನನ್ನ ವೀಳ್ಯಕ್ಕ ಕೈ ಚಾಚಿದ. ತುಂಬಿದ ಸಭಾದಾಗ ಆ ಕೈ ಸರಿಸಿದೆ. ಬಣ್ಣ ಹಚ್ಚೋ ಮುಖ ನಂದು, ಹಿಡಿಯೋ ಕೈನೂ ನಂದೇ ಅಂದೆ. ಅವತ್ತಿನಿಂದ ನನ್ನ ವೀಳ್ಯ ಗಂಡಸರ್ಯಾರೂ ಮುಟ್ಟಿಲ್ಲ. ನನ್ನ ಮೊಮ್ಮಗಳದ್ದು ಮುಟ್ಟಾಕ ನೀವ್ಯಾರು?”

ರಾಯಣ್ಣನ ಕೈ ಕಿಸೆಯಿಂದ ಸಡಿಲವಾಯಿತು. ಆದರೆ ಹುಲಿಗೇಶ್ ಖಳನ ಪಾರ್ಟಿನವನು, ಕೊನೇ ಸೀನಿನವರೆಗೂ ಬಗ್ಗುವವನಲ್ಲ. “ಅಮ್ಮಾರ, ಅದೆಲ್ಲಾ ಖರೆ. ಆದ್ರ ನನ್ನ ವೀಳ್ಯ ಹೋತಲ್ಲ! ಹಿಡಿದೋರು ಹಿಡಿದ್ರು, ನುಂಗಿದ್ರು. ಈಗ ಬರೋರು ಯಾರು? ಇಲ್ಲಾಂದ್ರ ಒಪ್ಪಿಕೊಳ್ರಿ, ನಿಮ್ಮ ಮಗ ಮಾತಿಗೆ ತಪ್ಪಿದ ಅಂತ.”

ಎಲ್ಲರ ಕಣ್ಣೂ ಉಚ್ಚೆಂಗಪ್ಪನ ಮೇಲೆ ಬಿತ್ತು. ಅವನು ಅಲ್ಲಿಯವರೆಗೆ ಲಾರಿ ಟೈರಿನ ಹಿಂದೆ ಅರ್ಧ ಅಡಗಿ ನಿಂತಿದ್ದ. ಒಂದು ಕಡೆ ಹುಡುಗಿ, ಇನ್ನೊಂದು ಕಡೆ ಆಯುಷ್ಯದ ಒಂದೇ ಹೆಮ್ಮೆ. ಅವನ ತಲೆಯಲ್ಲಿ ಹೀಗೆ ಎರಡು ವಿಷಯಗಳು ಒಟ್ಟಿಗೆ ಕೂತರೆ ಸಾಮಾನ್ಯವಾಗಿ ಎರಡೂ ಕೆಟ್ಟುಹೋಗುತ್ತಿದ್ದವು. ಆದರೆ ಅಂದು ಯಾವ ದೇವರು ಒಳಹೊಕ್ಕಿದ್ದನೋ, ಅವನು ಟೈರಿನ ಹಿಂದಿನಿಂದ ಹೊರಬಂದು ಅಂಗಿಯ ತೋಳು ಮಡಚಿದ.

“ತಪ್ಪಿಲ್ಲ,” ಎಂದ. “ತಪ್ಪಂಗೂ ಇಲ್ಲ. ವೀಳ್ಯ ಹಿಡಿದೋನು ನಾನು. ಸೋಮವಾರ ಮುಂಜಾನೆ ನಾನೇ ಬರ್ತೀನಿ.”

“ಎಲ್ಲಿಗೆ?”

“ನಿಮ್ಮ ಟೀಮಿಗೆ. ಆಡಾಕ.”

ಹುಲಿಗೇಶನ ಕೈಯಿಂದ ಹಾರ ಜಾರಿತು. “ಅದು ಹೆಣ್ಮಕ್ಕಳ ಟೀಮ್ರಿ!”

“ಸ್ತ್ರೀಪಾತ್ರ ಮಾಡಿ ಅಭ್ಯಾಸ ಐತ್ರಿ. ವಿಗ್ಗು ನಂದೇ ತರ್ತೀನಿ.”

ಮೊದಲು ನಕ್ಕವಳು ಚೆನ್ನಬಸಮ್ಮ. ಆಮೇಲೆ ಲಾರಿ ಡ್ರೈವರುಗಳು, ಹಲಗೆಯವರು, ಕೊನೆಗೆ ಹುಲಿಗೇಶ್ ತಂದ ಸಾಕ್ಷಿಗಳೂ ನಕ್ಕರು. ಉಚ್ಚೆಂಗಪ್ಪ ಮಾತ್ರ ನಗಲಿಲ್ಲ. ಅವನ ಮುಖ ನೋಡಿ ಜ್ಯೋತಿಯ ನಗು ಅರ್ಧಕ್ಕೇ ನಿಂತಿತು. ಅವಳು ಬಂದು ಮಾವನ ಕೈ ಹಿಡಿದುಕೊಂಡಳು. ಮೂರು ದಿನದಿಂದ ನೆಟ್ಟಗೆ ಮಾತಾಡದಿದ್ದ ಹುಡುಗಿ, “ಊಟ ಮಾಡಿಯೇನು ಮಾವ?” ಎಂದು ಮೆಲ್ಲಗೆ ಕೇಳಿದಳು.

ಜಂಬಕ್ಕ ಇನ್ನೂ ಮುಗಿಸಿರಲಿಲ್ಲ. ಫೋನಿನ ಮುಂದೆ ಹೋಗಿ ನಿಂತಳು. “ಈಕಿ ವೀಳ್ಯ ಕೊಟ್ಟಾಳೇನು?”

ಜ್ಯೋತಿ ಇಂಗ್ಲಿಷಿನಲ್ಲಿ ಐನೋಗೆ ವಿವರಿಸಿದಳು. ಐನೋ ಕಣ್ಣರಳಿಸಿ ಕೇಳಿ, ಎದ್ದು ಓಡಿ ಎಲ್ಲೋ ಹೋದಳು. ಟೈರ್ ಅಂಗಡಿಯ ಜನ ಖಾಲಿ ಕುರ್ಚಿಯನ್ನೇ ಭಕ್ತಿಯಿಂದ ನೋಡುತ್ತಾ ನಿಂತರು. ಅವಳು ತಿರುಗಿ ಬಂದಾಗ ಒಂದು ತಟ್ಟೆ ಹಿಡಿದಿದ್ದಳು. ಅದರಲ್ಲಿ ಎಲೆಕೋಸಿನ ಎರಡು ಎಲೆ, ಮೇಲೊಂದು ಬಾದಾಮಿ.

“ಅದು ಯಾವ ಎಲಿ?”

“ಕೋಸಿಂದು, ಅಜ್ಜಿ.”

“ಇರ್ಲಿ. ಎರಡೂ ಕೈಯಾಗ ಹಿಡಿದಾಳ, ತಲಿ ಬಗ್ಗಿಸ್ಯಾಳ. ನಮ್ಮ ಕಡಿ ಕೆಲವರು ಒಂದೇ ಕೈಯಾಗ ಒಗೀತಿದ್ರು. ಹಿಡಿ.”

ಜ್ಯೋತಿಲಕ್ಷ್ಮಿ ಕೈ ಚಾಚಿ ಫೋನಿನ ಗಾಜನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ರಾಯಣ್ಣ ಮಂತ್ರಿಯ ದನಿಯಲ್ಲಿ, ಒಂದೊಂದು ಅಂಕಿಯ ನಡುವೆಯೂ ಉಸಿರು ತೆಗೆದುಕೊಂಡು, ಓಟಿಪಿ ಹೇಳಿದ. ಅದು ಇಡೀ ಬೀದಿಗೆ ಕೇಳಿಸಿತು. ಬ್ಯಾಂಕಿನವರು ಯಾರಿಗೂ ಹೇಳಬೇಡಿ ಎನ್ನುವ ಸಂಖ್ಯೆಯನ್ನು ಲಾರಿ ಡ್ರೈವರುಗಳು ಜೊತೆಗೂಡಿ ಕೂಗಿದ್ದು ಅದೇ ಮೊದಲಿರಬೇಕು.

ಸೋಮವಾರ ಬರುತ್ತದೆ, ಉಚ್ಚೆಂಗಪ್ಪ ಬರುವುದಿಲ್ಲ ಎಂದುಕೊಂಡಿದ್ದ ಹುಲಿಗೇಶ್. ಆದರೆ ಮೊದಲ ಬಸ್ಸಿಗೆ ಅವನು ಇಳಿದ. ಒಂದು ಕೈಯಲ್ಲಿ ಊರಮ್ಮ ಕಟ್ಟಿಕೊಟ್ಟ ಬುತ್ತಿ, ಇನ್ನೊಂದರಲ್ಲಿ ವಿಗ್ಗಿನ ಡಬ್ಬಿ. ಸಂಡೂರಿನ ಕೆಂಪು ಮೈದಾನದಲ್ಲಿ ಹುಡುಗಿಯರು ಮೊದಲು ಬಾಯಿಮುಚ್ಚಿ ನಕ್ಕರು. ಆಮೇಲೆ ಅವರಲ್ಲೊಬ್ಬಳು ಬಂದು, ಜಡೆಯ ವಿಗ್ಗು ಜಾರದಂತೆ ಎರಡು ಪಿನ್ನು ಚುಚ್ಚಿಕೊಟ್ಟಳು. ಬರ್ಮುಡಾ ಚಡ್ಡಿ, ಹಳದಿ ಜೆರ್ಸಿ, ಅದರೊಳಗೆ ಹಿಡಿಸದ ಹೊಟ್ಟೆ, ಬೆನ್ನ ಮೇಲೆ ಮೊಣಕಾಲು ಮುಟ್ಟುವ ಜಡೆ. ಅಷ್ಟರಲ್ಲಿ ಧಣಿಯ ಕಾರು ಬಂದು ನಿಂತಿತು.

“ಯಾರಲೇ ಅದು?”

ಹುಲಿಗೇಶ್ ಬೆವರಿದ. “ಹೊಸ ಪ್ಲೇಯರ್ ಸಾರ್.”

“ಎಷ್ಟು ಕೊಟ್ಟು ತಂದಿ?”

“ಎರಡು ಎಲಿ, ಒಂದು ಅಡಿಕಿ ಸಾರ್.”

ಧಣಿ ಉಚ್ಚೆಂಗಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಜಾಸ್ತಿ ಆತು,” ಎಂದು ಗಾಜು ಏರಿಸಿದರು.

ಹುಲಿಗೇಶ್ ಓಡಿ ಬಂದು ಕೈಮುಗಿದ. “ಉಚ್ಚೆಂಗಪ್ಪಾರ, ವೀಳ್ಯ ವಾಪಸ್ ತಗೋತೀನ್ರಿ. ಮನಿಗೆ ಹೋಗ್ರಿ.”

“ನೀವು ಕೊಟ್ಟ ಎಲೀನೇ ಬೇಕಲ್ರಿ ನಿಮಗ?”

“ಯಾವ ಎಲಿಯಾದ್ರೂ ನಡೀತೈತ್ರಿ! ಬೇವಿನ ಎಲಿ ಕೊಡ್ರಿ ಸಾಕು!”

“ನಡಿಯಂಗಿಲ್ರಿ,” ಎಂದ ಉಚ್ಚೆಂಗಪ್ಪ, ಜಡೆಯನ್ನು ಮುಂದಕ್ಕೆ ಎಳೆದುಕೊಂಡು. “ಸೀಜನ್ ಮುಗಿಯೋ ತನಕ ಬರ್ತೀನಿ.”

ಬಂದ. ಜ್ಯೋತಿ ವಿಮಾನ ಹತ್ತಿದ ದಿನ ಒಂದು ಬಿಟ್ಟರೆ ಎಲ್ಲ ಅಭ್ಯಾಸದ ದಿನಗಳಲ್ಲೂ ಬಂದ. ಬೆಂಚಿನ ತುದಿಯಲ್ಲಿ ವಿಗ್ಗು ಹಾಕಿಕೊಂಡು ಕೂತು, ಬುತ್ತಿ ಹಂಚಿ, ಸಂಜೆ ಹಿಂದಿರುಗುತ್ತಿದ್ದ. ಒಂದು ಭಾನುವಾರ ಫಿನ್ಲೆಂಡಿನಿಂದ ಫೋನು ಬಂತು. ಜ್ಯೋತಿಯ ಹಿಂದೆ ಬೆಳ್ಳಗೆ ಹಿಮ, ಅವಳ ಮೂಗು ಕೆಂಪಗೆ.

“ಮಾವ, ನನ್ನನ್ನ ಇನ್ನೂ ಮೈದಾನಕ್ಕ ಇಳಿಸಿಲ್ಲ. ಬರೇ ಬೆಂಚಿನ ಮ್ಯಾಲೆ ಕುಂದ್ರಿಸ್ಯಾರ. ಇಲ್ಲೀ ಹುಡುಗ್ಯಾರು ಗ್ವಾಡಿ ಇದ್ದಂಗ ಅದಾರ.” ದನಿ ನಡುಗುತ್ತಿತ್ತು. ಚಳಿಗೆ ಮಾತ್ರವಲ್ಲವೆಂದು ಉಚ್ಚೆಂಗಪ್ಪನಿಗೆ ಗೊತ್ತಾಯಿತು.

“ಬಣ್ಣ ಹಚ್ಕೊಂಡು ರೆಡಿ ಕುಂದ್ರು ಜ್ಯೋತಿ. ಕರೀತಾರ. ನನ್ನನ್ನೇ ಮೊನ್ನಿ ಇಳಿಸಿದ್ರು!”

“ಸುಳ್ಳು!”

“ಖರೇನ ನಿಮ್ಮಜ್ಜಿ ಆಣಿ! ಪ್ರಾಕ್ಟೀಸ್ ಮ್ಯಾಚಿನ್ಯಾಗ ಗೋಲ್‌ಕೀಪರ್ ಹುಡುಗಿ ಕಾಲು ತಿರುವಿಕೊಂಡ್ಳು. ಬ್ಯಾರೆ ಯಾರೂ ಇರಲಿಲ್ಲ. ಹುಲಿಗೇಶ್ ಕಣ್ಣು ಮುಚ್ಕೊಂಡು, ಹೋಗ್ರಿ ಅಂದ. ಹೋದೆ.”

ಅವಳು ಕಣ್ಣೊರೆಸಿಕೊಂಡು ನಗತೊಡಗಿದಳು. “ಎಷ್ಟು ಗೋಲ್ ಬಿಟ್ಟಿ ಮಾವ?”

“ಏಳು,” ಎಂದ ಉಚ್ಚೆಂಗಪ್ಪ, ತಲೆಯೆತ್ತಿ. “ಆದ್ರ ಒಂದಕ್ಕೂ ಪಕ್ಕಕ್ಕ ಸರಿದಿಲ್ಲ.”